ನೀಲಾಪುರದ ಸಿಟ್ಟು

ಹಿಂದಿನ ಕಂಬಕ್ಕೆ ಒರಗಿ ಕೂತ ಇಬ್ಬರಿಗೆ ಆಗಲೇ ನಿದ್ದೆ ಹತ್ತಿದೆ. ತಪ್ಪು ಅವರದಲ್ಲ, ಈ ಹೊಸ ಭವನದ ತಂಪೇ ಹಾಗಿದೆ. ಆದ್ದರಿಂದ ಈ ಸ್ವಾಮಿಯ ಉಪದೇಶವನ್ನು ಸ್ವಲ್ಪ ಅತ್ತ ಸರಿಸಿ, ಒಬ್ಬ ಸಾಹುಕಾರರನ್ನು ತಂದು ನಿಮ್ಮ ಮುಂದೆ ಕೂರಿಸುತ್ತೇನೆ. ಅವರನ್ನು ನೋಡಿದರೆ ನಿಮ್ಮ ನಿದ್ದೆ ಹಾರುತ್ತದೆ.

ಎಂಥ ಸಾಹುಕಾರ? ಅವರಿಗೊಂದು ರಾಜ್ಯವೇ ಇತ್ತು. ರಾಜ್ಯದಲ್ಲಿ ಊರುಗಳಿದ್ದವು, ನದಿ ಇತ್ತು, ಗುಡ್ಡ ಇತ್ತು, ಕಬ್ಬಿಣದ ಗಣಿ ಇತ್ತು, ಕುದುರೆ ಲಾಯ ಇತ್ತು. ಇಷ್ಟು ದೊಡ್ಡ ರಾಜ್ಯವನ್ನು ಅವರು ತೊಡೆಯ ಮೇಲೆ ಇಟ್ಟುಕೊಂಡು ಆಳುತ್ತಿದ್ದರು. ನಗಬೇಡಿ, ನಿಜವಾಗಿ ತೊಡೆಯ ಮೇಲೆ. ಟ್ಯಾಬ್ ಅನ್ನುತ್ತಾರಲ್ಲ, ಫೋನಿನ ಅಣ್ಣ, ಅದರಲ್ಲಿ ಆಡುವ ಆಟ ಅದು.

ಮುಂದಿನ ಸಾಲಿನಿಂದ ಚನಬಸಪ್ಪನವರು ಕೇಳುತ್ತಿದ್ದಾರೆ, "ಚೌಕಾಬಾರದಂಥಾದ್ದೇನ್ರಿ ಅಪ್ಪಾರ?" ಅಂತ. ಅಲ್ಲ ಯಜಮಾನರೇ, ಚೌಕಾಬಾರದಲ್ಲಿ ಕಾಯಿ ಹಣ್ಣಾದರೆ ಆಟ ಮುಗಿಯಿತು. ಇದರಲ್ಲಿ ಕಾಯಿಗೆ ಸಿಟ್ಟು ಬರುತ್ತದೆ.

ಹೇಗೆ ಅಂತ ಹೇಳುತ್ತೇನೆ, ಕೇಳಿ. ಮೊದಲು ನಿಮ್ಮ ಕೈಗೆ ಸಿಗುವುದು ಒಂದು ಡೇರೆ, ಒಂದು ಹಿಡಿ ಜನ. ನದಿಯ ದಂಡೆ ನೋಡಿ ಊರು ಹೂಡಬೇಕು, ಹೊಲ ಮಾಡಬೇಕು. ಜನ ಹೆಚ್ಚಿದರೆ ಇನ್ನೊಂದು ಊರು, ಅದು ತುಂಬಿದರೆ ಮತ್ತೊಂದು. ಹೀಗೆ ರಾಜ್ಯ ಬೆಳೆಯುತ್ತದೆ. ಆದರೆ ಜನ ಹೆಚ್ಚಿದಷ್ಟೂ ಗದ್ದಲ, ಗದ್ದಲ ಹೆಚ್ಚಿದಷ್ಟೂ ಅಸಮಾಧಾನ. ಪ್ರತಿ ಊರಿನ ಮೇಲೆ ಒಂದು ದುಂಡು ಮುಖ ತೇಲುತ್ತಿರುತ್ತದೆ. ಊರಿನವರು ಸುಖವಾಗಿದ್ದರೆ ಆ ಮುಖ ನಗುತ್ತದೆ. ಬೇಸರವಾದರೆ ತುಟಿ ಇಳಿಬೀಳುತ್ತದೆ. ಸಿಟ್ಟು ಬಂದರೆ ಕೆಂಪಾಗುತ್ತದೆ. ಕೆಂಪಾದ ಮುಖ ಕೆಂಪಾಗಿಯೇ ಉಳಿಯಿತೋ, ಆ ಊರು ನಿಮ್ಮನ್ನು ಬಿಟ್ಟು ಪಕ್ಕದ ರಾಜ್ಯ ಸೇರುತ್ತದೆ. ಯುದ್ಧವಿಲ್ಲ, ರಕ್ತವಿಲ್ಲ, ಹೇಳುವುದಿಲ್ಲ ಕೇಳುವುದಿಲ್ಲ, ಸುಮ್ಮನೆ ಹೋಗಿಬಿಡುತ್ತದೆ.

ಹಾಗಾದರೆ ಜನರನ್ನು ನಗಿಸುವುದು ಹೇಗೆ? ಕಟ್ಟಬೇಕು. ನಾಟಕಶಾಲೆ ಕಟ್ಟಬೇಕು, ತೋಟ ಹಾಕಬೇಕು, ಸ್ನಾನಘಟ್ಟ, ಗುಡಿ, ಕುಸ್ತಿಯ ಅಖಾಡ, ಸಂತೆಮಾಳ, ಎಲ್ಲಾ ಕಟ್ಟಬೇಕು. ಕಟ್ಟಿಸುವ ಆಟ ಅಂದ ಮೇಲೆ ನಮ್ಮ ಸಾಹುಕಾರರಿಗೆ ಯಾರು ಹೇಳಿಕೊಡಬೇಕು?

ಅವರ ಹೆಸರು ರಾಚಪ್ಪ ಅಂತಿಟ್ಟುಕೊಳ್ಳಿ. ಹುಟ್ಟು ಕಂತ್ರಾಟುದಾರರು. ಆ ತಾಲೂಕಿನಲ್ಲಿ ಅವರ ಕೈ ತಾಗದ ಕಟ್ಟಡವಿಲ್ಲ. ಬಸ್ ನಿಲ್ದಾಣ ಅವರದು, ಶಾಲೆಯ ಮಹಡಿ ಅವರದು, ಕಲ್ಯಾಣಮಂಟಪದ ಕಮಾನು ಅವರದು. ಅವರದೊಂದೇ ಮಾತು: "ರಸ್ತಾದ ಮ್ಯಾಲೆ ಹೋಗಾಂವ ಒಂದ್ ಗಳಿಗಿ ನಿಂತ ನೋಡಬೇಕು." ಜನ ನಿಂತು ನೋಡುತ್ತಲೂ ಇದ್ದರು. ಅವರ ಸ್ವಂತ ಮನೆಯನ್ನಂತೂ ದಿಬ್ಬಣದ ಬಸ್ಸು ನಿಲ್ಲಿಸಿ ನೋಡಿದ್ದುಂಟು. ತೇಗದ ಬಾಗಿಲು, ಹಾಲ್‌ನಲ್ಲಿ ತೂಗುವ ಗಾಜಿನ ದೀಪ, ಬಾಗಿಲು ತೆರೆದರೆ ಎದುರಿಗೇ ಕಾಣುವ ಹಾಲುಗಲ್ಲಿನ ಮೆಟ್ಟಿಲು. ಅದು ಹೆಮ್ಮೆ ಪಡುವಂಥ ಕೆಲಸವೇ, ನಾನು ಆಡಿಕೊಳ್ಳುತ್ತಿಲ್ಲ. ಕೈಯಲ್ಲಿ ಕಸುಬು ಇದ್ದವನು ಬೀಗಿದರೆ ಏನು ತಪ್ಪು?

ಇಂಥ ರಾಚಪ್ಪನವರಿಗೆ ಮಂಡಿಯ ಆಪರೇಷನ್ ಆಯಿತು. ದಿನವಿಡೀ ಸೈಟಿನ ಮೇಲೆ ಕೂಗಾಡುತ್ತಿದ್ದವರು ಸೋಫಾದ ಮೇಲೆ ಕಾಲು ಚಾಚಿ ಕೂರಬೇಕಾಯಿತು. ಹೆಂಡತಿ ನೀಲವ್ವ ತೀರಿಕೊಂಡು ಕೆಲವು ವರ್ಷವಾಗಿತ್ತು. ಮಗ ಬೆಳಿಗ್ಗೆ ಎದ್ದರೆ ಅಂಗಡಿಗೆ. ಮನೆಯಲ್ಲಿ ಉಳಿದವಳು ಸೊಸೆ ದಾನೇಶ್ವರಿ. ರಾಚಪ್ಪನವರು ಚಹಾ ಬಿಸಿಯಿಲ್ಲ ಅಂತ ಬೈದರು, ಬಿಸಿಯಿದ್ದರೆ ನಾಲಿಗೆ ಸುಟ್ಟಿತು ಅಂತ ಬೈದರು, ಗೋಡೆಯ ಮೇಲಿನ ಹಲ್ಲಿಗೂ ಬೈದರು. ಆ ಹುಡುಗಿ ಕಾಲೇಜಿನ ಹಾಸ್ಟೆಲಿನಲ್ಲಿದ್ದಾಗ ಈ ಆಟ ಆಡಿ ಗೆದ್ದವಳು. ಒಂದು ದಿನ ಟ್ಯಾಬ್ ತಂದು ಮಾವನ ತೊಡೆಯ ಮೇಲೆ ಇಟ್ಟಳು.

"ಕಟ್ರಿ ಮಾವಾರ. ಸಿಮೆಂಟ್ ಬ್ಯಾಡ, ಉಸುಕ ಬ್ಯಾಡ, ಲೇಬರ್ ಮಂದಿ ಬ್ಯಾಡ. ನಾ ಬಾಜೂ ರಾಜ್ಯಾ ಆಳತೀನಿ, ನೀವು ಇದನ್ನ ಆಳ್ರಿ. ಯಾರ ರಾಜ್ಯಾ ಉಳಿತೈತೋ ನೋಡೂಣು."

"ನನ್ನ ಕೂಡ ಕಟ್ಟೂ ಪಂದ್ಯೇನವಾ? ಆಗ್ಲಿ," ಅಂದರು ರಾಚಪ್ಪ.

ಅವತ್ತಿನಿಂದ ಆ ಮನೆಯ ಗದ್ದಲ ನೋಡಬೇಕಿತ್ತು! ಮಾವ ಹಾಲ್‌ನಲ್ಲಿ, ಸೊಸೆ ಒಳಗೆ ಅಡುಗೆಮನೆಯಲ್ಲಿ. ಅವಳು ಫೋನನ್ನು ಸಾಂಬಾರ ಡಬ್ಬಿಗೆ ಒರಗಿಸಿಟ್ಟು ರೊಟ್ಟಿ ಬಡಿಯುತ್ತಾ ರಾಜ್ಯ ಆಳುವಳು. ಒಬ್ಬರು ಆಡಿದ ಮೇಲೆ ಇನ್ನೊಬ್ಬರ ಪಾಳಿ. ಒಳಗಿನಿಂದ "ಮಾವಾರ, ನಿಮ್ಮ ಪಾಳಿ!" ಅಂತ ಕೂಗು. ಹೊರಗಿನಿಂದ "ತಡಿಯವಾ, ಅಖಾಡಾ ಏಳಸಾಕತ್ತೇನಿ!" ಅಂತ ಉತ್ತರ. ಬೈಗುಳ ನಿಂತಿತು. ಹಲ್ಲಿಯೂ ನೆಮ್ಮದಿಯಿಂದ ಇತ್ತು.

ರಾಚಪ್ಪನವರು ರಾಜಧಾನಿಗೆ ರಾಚಗಡ ಅಂತ ಹೆಸರಿಟ್ಟರು. ನಾಲ್ಕಾರು ಊರು ಹೂಡಿದರು. ಕೊನೆಗೆ ಗುಡ್ಡದ ಹತ್ತಿರ, ಗಡಿಯ ಅಂಚಿನಲ್ಲಿ, ಕಬ್ಬಿಣದ ಅದಿರು ಇರುವ ಕಡೆ ಒಂದು ಸಣ್ಣ ಊರು ಹೂಡಿದರು. ಅದಕ್ಕೆ ನೀಲಾಪುರ ಅಂತ ಹೆಸರಿಟ್ಟರು. ಯಾರಿಗೂ ಹೇಳಲಿಲ್ಲ. ಆದರೆ ಒಳಗೆ ಸೊಸೆಯ ಫೋನಿನಲ್ಲಿ ಆ ಹೆಸರು ಮೂಡಿತು. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಒಂದು ಗಳಿಗೆ ಅದನ್ನೇ ನೋಡಿದಳು. ಗಂಡಸರು ಹೆಂಡತಿಯ ಹೆಸರನ್ನು ಬಾಯಲ್ಲಿ ಹೇಳಲಾರದೆ ಎಲ್ಲೆಲ್ಲೋ ಬರೆಯುತ್ತಾರೆ ನೋಡಿ, ಹಾಗೆ.

ನೀಲಾಪುರದ ಕಬ್ಬಿಣ ಬಂದದ್ದೇ ಬಂದದ್ದು, ರಾಚಗಡ ಎದ್ದು ನಿಂತಿತು. ಅಗಸಿ ಬಾಗಿಲಿನಿಂದ ಅರಮನೆಯವರೆಗೆ ರಾಜಬೀದಿಯ ಎರಡೂ ಬದಿಗೆ ನಾಟಕಶಾಲೆ, ತೋಟ, ಸ್ನಾನಘಟ್ಟ, ಎಲ್ಲಾ ರಸ್ತೆಗೆ ಮುಖ ಮಾಡಿ ನಿಂತವು. ಬೇರೆ ರಾಜ್ಯದ ವ್ಯಾಪಾರಿ ಬಂದರೆ ಕಣ್ಣು ಕುಕ್ಕಬೇಕು. ಆದರೆ ನೀಲಾಪುರದ ಮೇಲಿನ ಮುಖ ಮಾತ್ರ ಮೊದಲು ಬಾಡಿತು, ಆಮೇಲೆ ತುಟಿ ಇಳಿಬಿತ್ತು, ಆಮೇಲೆ ಕೆಂಪಾಯಿತು.

"ಏ ದಾನವ್ವಾ, ಈ ಆಟಾ ಕೆಟ್ಟೈತಿ ನೋಡ! ಇಷ್ಟ ದೊಡ್ಡ ನಾಟಕಶಾಲಿ ಕಟ್ಟಿಸೇನಿ, ನೀಲಾಪುರಕ್ಕ ಇನ್ನೂ ಸಿಟ್ಟ ಐತಿ!"

"ನಾಟಕಶಾಲಿ ಎಲ್ಲಿ ಕಟ್ಟೀರಿ ಮಾವಾರ?"

"ಎಲ್ಲಿ ಅಂದ್ರ? ರಾಚಗಡದಾಗ. ಅಗಸಿ ದಾಟಿದ ಕೂಡ್ಲೇ."

"ಹಾಡು ಎಷ್ಟ ದೂರ ಕೇಳತೈತೋ ಅಷ್ಟ ದೂರದ ಮಂದಿಗೆ ಅಷ್ಟ ಅದರ ಸುಖಾರಿ. ನೀಲಾಪುರದ ಮಂದಿ ಅಲ್ಲೀತನಾ ಹೆಂಗ ಬರಬೇಕು?"

"ಬರಲಿ! ಕಟ್ಟಿಸಿದಾಂವ ಒಬ್ಬೊಬ್ಬರ ಬಾಗಲಿಗೆ ಒಯ್ದ ಕೊಡತಾನೇನು?"

ಈ ಉತ್ತರ ಕೇಳಿದ್ದೀರಾ? ಎಲ್ಲಾದರೂ ಕೇಳಿದ್ದೀರಾ? ನಮ್ಮ ನಾಲಿಗೆಯ ತುದಿಯಲ್ಲೇ ಇರುವ ಉತ್ತರ ಇದು. ಇಷ್ಟೆಲ್ಲಾ ಮಾಡಿದ್ದೇನೆ, ಇವರಿಗೆ ಇನ್ನೇನು ಬೇಕಂತೆ? ನಾವು ಮಾಡಿದ್ದು ಎಲ್ಲಿದೆ, ಅವರು ಇರುವುದು ಎಲ್ಲಿ? ಅದನ್ನು ಮಾತ್ರ ನಾವು ಕೇಳಿಕೊಳ್ಳುವುದಿಲ್ಲ.

ರಾಚಪ್ಪನವರು ಹಟಕ್ಕೆ ಬಿದ್ದರು. ನಾಟಕಶಾಲೆಯ ಮೇಲೆ ಗೋಪುರ ಏರಿಸಿದರು. ಅದಕ್ಕೂ ಕಬ್ಬಿಣ ನೀಲಾಪುರದಿಂದಲೇ. ಮುಖ ಇನ್ನಷ್ಟು ಕೆಂಪಾಯಿತು. ಒಂದು ಮಧ್ಯಾಹ್ನ ಒಳಗಿನಿಂದ ಸೊಸೆಯ ದನಿ ಬಂತು. ಈ ಸಲ ಅದರಲ್ಲಿ ತಮಾಷೆ ಇರಲಿಲ್ಲ.

"ಮಾವಾರ, ನೀಲಾಪುರ ನನ್ನ ಕಡೆ ಬರಾಕತ್ತೈತ್ರಿ. ಇನ್ನೊಂದು ಪಾಳಿ ಅಷ್ಟ. ಮೊದಲಾ ಹೇಳೀನಿ ನೋಡ್ರಿ."

ಬೇರೆ ಯಾವ ಊರು ಹೋದರೂ ರಾಚಪ್ಪನವರು ನಕ್ಕು ಬಿಡುತ್ತಿದ್ದರು. ಆದರೆ ನೀಲಾ ಹೋಗುವುದೇ? ಒಂದು ಸಲ ಕಳೆದುಕೊಂಡದ್ದು ಸಾಲದೇ? ಆಟ ಅಂತ ಅವರಿಗೂ ಗೊತ್ತಿತ್ತು. ಗೊತ್ತಿದ್ದೂ "ಬ್ಯಾಡವಾ! ಅದನ್ನೊಂದ ತಗೋಬ್ಯಾಡ!" ಅಂತ ಕೂಗಿ, ವಾಕರ್ ಹಿಡಿದು ಎದ್ದೇಬಿಟ್ಟರು. ಗಾಜಿನ ದೀಪದ ಕೆಳಗೆ ದಾಟಿ, ಹಾಲುಗಲ್ಲಿನ ಮೆಟ್ಟಿಲು ಬಳಸಿ, ಅದರ ಹಿಂದಿನ ಸಂದಿಯಲ್ಲಿ ನುಸುಳಿ ಅಡುಗೆಮನೆಯ ಹೊಸ್ತಿಲು ದಾಟಿದರು. ಆ ಮನೆ ಕಟ್ಟಿಸಿದ ಮೇಲೆ ಅವರು ಅಲ್ಲಿಗೆ ಎಷ್ಟು ಸಲ ಹೋಗಿದ್ದರೋ ಅವರಿಗೇ ನೆನಪಿಲ್ಲ. ಊಟ ಹಾಲ್‌ಗೆ ಬರುತ್ತಿತ್ತು, ನೀರು ಹಾಲ್‌ಗೆ ಬರುತ್ತಿತ್ತು. ಯಾಕೆ ಹೋಗಬೇಕಿತ್ತು?

ಅವರು ಒಳಗೆ ಕಾಲಿಟ್ಟರು, ಅದೇ ಹೊತ್ತಿಗೆ ಕರೆಂಟು ಹೋಯಿತು. ನಮ್ಮ ಕಡೆ ಕರೆಂಟಿಗೆ ಸಮಯಪ್ರಜ್ಞೆ ಬಹಳ.

ಹೊರಗೆ ಕಣ್ಣು ಬಿಡಲಾಗದ ಬಿಸಿಲು. ಒಳಗೆ ಕತ್ತಲೆ. ಒಲೆಯ ನೀಲಿ ಉರಿ, ಫೋನಿನ ಮೇಲೆ ತೇಲುವ ಆ ಕೆಂಪು ಮುಖ, ಇಷ್ಟು ಬಿಟ್ಟರೆ ಏನೂ ಕಾಣುವುದಿಲ್ಲ. ಎಣ್ಣೆಯ ಹೊಗೆ ಹೋಗಲು ದಾರಿಯಿಲ್ಲದೆ ಅಲ್ಲಿಯೇ ನಿಂತಿದೆ. ರಾಚಪ್ಪನವರಿಗೆ ಕೆಮ್ಮು ಬಂತು.

"ದಾನವ್ವಾ, ಕಿಡಕಿ ತಗಿಯವಾ, ಏನೂ ಕಾಣವಲ್ದು."

"ಕಿಡಕಿ ಇಲ್ರಿ ಮಾವಾರ."

"ಇಲ್ಲ? ಅಡಿಗಿಮನಿಗೆ ಕಿಡಕಿ ಇಡಲಾರದ ಮನಿ ಯಾ ಹುಚ್ಚ ಕಟ್ಟಿಸ್ಯಾನ?"

ಸೊಸೆ ರೊಟ್ಟಿಯನ್ನು ಹೆಂಚಿನ ಮೇಲೆ ಮಗುಚಿ ಹಾಕಿದಳು. ಆಮೇಲೆ ಮೆಲ್ಲಗೆ ಹೇಳಿದಳು.

"ನೀವರಿ."

ನೋಡಿ, ತಾಲೂಕನ್ನೇ ಕಟ್ಟಿದ ಮನುಷ್ಯ ಆ ಕತ್ತಲೆಯಲ್ಲಿ ವಾಕರ್ ಹಿಡಿದು ನಿಂತುಬಿಟ್ಟರು. ನಕ್ಷೆಯಲ್ಲಿ ಆ ಮೆಟ್ಟಿಲು ಮೊದಲು ಬದಿಗಿತ್ತು. ಬಾಗಿಲು ತೆರೆದರೆ ಎದುರಿಗೆ ಕಾಣಲಿ ಅಂತ ಅವರೇ ನಡುವೆ ತಂದಿದ್ದರು. ಮೆಟ್ಟಿಲು ನಡುವೆ ಬಂದಾಗ ಅಡುಗೆಮನೆ ಹಿಂದಕ್ಕೆ ಸರಿದು ಪಕ್ಕದ ಮನೆಯ ಗೋಡೆಗೆ ಅಂಟಿತು, ಕಿಟಕಿ ಮುಚ್ಚಿಹೋಯಿತು. ಆವಾಗ ನೀಲವ್ವ ಒಮ್ಮೆ ಕಿಟಕಿ ಬೇಕು ಅಂತ ಕೇಳಿದ್ದಳು. ಅಡುಗೆಮನೆಯನ್ನು ಯಾರು ನೋಡುತ್ತಾರೆ ಅಂತ ಇವರು ಅಂದಿದ್ದರು. ಅವಳು ಮತ್ತೆ ಕೇಳಲಿಲ್ಲ.

"ನಿಮ್ಮತ್ತಿ ಇಲ್ಲಿ ಹೆಂಗ ಅಡಿಗಿ ಮಾಡತಿದ್ಲು?"

"ಹಾಡಹಗಲಾಗೂ ದೀಪಾ ಹಚ್ಚಿಕೊಂಡ ಮಾಡತಿದ್ರು. ಕೆಮ್ಮು ಬಂದ್ರ ಬಾಯಿಗೆ ಸೆರಗ ಹಚ್ಚತಿದ್ರು, ಹೊರಗ ಕೇಳಬಾರದಂತ. ನಿಮ್ಮ ತಾಟ ತರೂ ಮೊದಲ ಮಾರಿ ತೊಳಕೊಂಡ, ನಕ್ಕೋತ ಬರತಿದ್ರು."

ರಾಚಪ್ಪನವರು ಅತ್ತರು. ನಾನು ಇದನ್ನು ಸುತ್ತಿ ಬಳಸಿ ಹೇಳುವುದಿಲ್ಲ. ಹಿಟ್ಟಿನ ಡಬ್ಬಿಯ ಮೇಲೆ ಕೂತು, ಸೊಸೆಯ ಎದುರು, ಮಗುವಿನ ಹಾಗೆ ಅತ್ತರು. ಆಟದಲ್ಲಿ ಊರಿನ ಮೇಲೆ ಮುಖ ಕಾಣುತ್ತದೆ, ಸಿಟ್ಟು ಬಂದರೆ ಕೆಂಪಾಗುತ್ತದೆ. ಮನೆಯಲ್ಲಿ ಆ ಮುಖ ತೊಳೆದುಕೊಂಡು ನಗುತ್ತಾ ಬಂದು ಬಡಿಸುತ್ತದೆ. ಅದರ ನಿಜ ನೋಡಬೇಕಾದರೆ ನಾವೇ ಎದ್ದು ಅದು ಇರುವ ಕಡೆಗೆ ಹೋಗಬೇಕು.

ಕೊನೆಗೆ ಕಣ್ಣೊರೆಸಿಕೊಂಡು ಹೇಳಿದರು. "ತಗೋ ಬೇ ನೀಲಾಪುರ. ಅದನ್ನ ಇಟ್ಕೊಳ್ಳೂ ಲಾಯಕಿ ನನಗಿಲ್ಲ."

ದಾನೇಶ್ವರಿ ಹಿಟ್ಟಿನ ಬೆರಳಿನಿಂದಲೇ ಫೋನು ಮುಟ್ಟಿದಳು. ನೀಲಾಪುರ ಅವಳ ರಾಜ್ಯಕ್ಕೆ ಬಂತು. ಅವಳು ಮೊದಲು ಅಲ್ಲೊಂದು ಬಾವಿ ತೋಡಿಸಿದಳು, ಬಾವಿಯ ಹತ್ತಿರ ತೋಟ ಹಾಕಿಸಿದಳು, ಗಣಿಯಿಂದ ಬಂದವರು ಮೈ ತೊಳೆಯಲಿ ಅಂತ ಸ್ನಾನಘಟ್ಟ ಕಟ್ಟಿಸಿದಳು. ಗೋಪುರವಿಲ್ಲ, ಕಮಾನಿಲ್ಲ. ಪಾಳಿ ಕಳೆದು ಪಾಳಿ ಬಂತು, ಆ ಕೆಂಪು ತಿಳಿಯಾಯಿತು, ತುಟಿ ಮೇಲೆದ್ದಿತು. ಫೋನು ಮಾವನ ಕಡೆ ತಿರುಗಿಸಿ ತೋರಿಸಿದಳು.

"ನಕ್ಕಿತಲ್ಲವಾ," ಅಂದರು ರಾಚಪ್ಪ.

ಆಮೇಲೆ ಏನು ಮಾಡಿದರು ಕೇಳಿ. ನನ್ನ ಹೆಮ್ಮೆ ಶುರುವಾಗುವುದು ಇಲ್ಲಿಂದ. ಹಿಂದೆ ಪಕ್ಕದವರ ಗೋಡೆ, ಅಲ್ಲಿ ಕಿಟಕಿ ಕೊರೆಯುವಂತಿಲ್ಲ. ಅದಕ್ಕೆ ಆ ಮನುಷ್ಯ ಅಡುಗೆಮನೆಯನ್ನೇ ಮುಂದಕ್ಕೆ ತಂದರು. ರಸ್ತೆಗೆ ತೆರೆದುಕೊಳ್ಳುವ ಅತಿಥಿಗಳ ಕೋಣೆ ಅಡುಗೆಮನೆಯಾಯಿತು. ಗೋಡೆಯ ಮುಕ್ಕಾಲು ಪಾಲು ಕಿಟಕಿ. ಬೀಗರು ಬಂದು ಮೂಗಿನ ಮೇಲೆ ಬೆರಳಿಟ್ಟರು.

"ಅಲ್ಲೋ ಮಾರಾಯಾ, ಒಲಿ ಯಾರರ ರಸ್ತಾಕ ಇಡತಾರೇನು? ಒಗ್ಗರಣಿ ವಾಸನಿ ಹಾದ್ಯಾಗಿನ ಮಂದಿಗೆ ಬಡಿತೈತಿ!"

"ಬಡೀಲಿ," ಅಂದರು ರಾಚಪ್ಪ. "ಇದು ನನ್ನ ಮನಿ ಮಾರಿ. ಹೋಗೂ ಮಂದಿ ನಿಂತ ನೋಡ್ಲಿ."

ಪ್ರಸಾದಕ್ಕೆ ಕರೆದಾಗ ನಾನೂ ಆ ಕಿಟಕಿಯ ಬಳಿ ಕೂತು ಉಂಡೆ. ಮಾವ ಈರುಳ್ಳಿ ಹೆಚ್ಚುತ್ತಿದ್ದರು, ಸೊಸೆ ಹೆಂಚಿನ ಮುಂದೆ ಬೆಳಕಿನಲ್ಲಿ ನಿಂತಿದ್ದಳು. ಅದಕ್ಕಿಂತ ಚೆಂದದ ಕಟ್ಟಡ ನಾನು ಕಂಡಿಲ್ಲ. ಈಗಲೂ ಆ ಕಂತ್ರಾಟುದಾರರು ಚಹಾದಂಗಡಿಯಲ್ಲಿ ಕೂತು ಎದೆಯುಬ್ಬಿಸಿ ಹೇಳುತ್ತಾರಂತೆ, "ನಮ್ಮ ಸೊಸಿ ಕೂಡ ಕಟ್ಟೂ ಪಂದ್ಯಾ ಆಡಿ ಸೋತೇನ್ರಿ!" ಸೋಲನ್ನು ಇಷ್ಟು ಬೀಗುತ್ತಾ ಹೇಳುವವರನ್ನು ನೀವು ಕಂಡಿದ್ದೀರಾ? ನನಗೆ ಆ ಇಬ್ಬರ ಬಗ್ಗೆಯೂ ಹೆಮ್ಮೆ.

ಕಥೆ ಆಯಿತು. ಈಗ ನಿದ್ದೆ ಬಂದವರೂ ಎದ್ದಿದ್ದೀರಿ, ಒಳ್ಳೆಯದು.

ನಿಮ್ಮ ಬಗ್ಗೆಯೂ ನನಗೆ ಹೆಮ್ಮೆ ಇದೆ. ಈ ಭವನ ಸರಕಾರ ಕೊಟ್ಟದ್ದಲ್ಲ, ಯಾವ ದೊಡ್ಡವರೂ ದಾನ ಕೊಟ್ಟದ್ದಲ್ಲ. ನೀವು ಕೈಯಿಂದ ಕೈಗೆ ಕಲ್ಲು ದಾಟಿಸಿ ಎಬ್ಬಿಸಿದ್ದು. ಸುತ್ತಲಿನ ಹಳ್ಳಿಯವರು ಬಂದು ಕತ್ತೆತ್ತಿ ನೋಡುತ್ತಿದ್ದಾರೆ. ನೋಡಲಿ. ಬೀಗಿರಿ. ನಾನೂ ನಿಮ್ಮ ಜೊತೆ ಬೀಗುತ್ತೇನೆ.

ಆದರೆ ಇವತ್ತು ಬೆಳಿಗ್ಗೆ ಮುಂದಿನ ರಸ್ತೆಯ ಮೇಲೆ ಮಂಟಪ ಹಾಕಿದ್ದಿರಿ, ಕಾರು ಬರಲಿಲ್ಲ, ನಾನು ಹಿಂದಿನ ಓಣಿಯಿಂದ ನಡೆದು ಬಂದೆ. ಅಲ್ಲಿ ತಗಡಿನ ಚಪ್ಪರ. ಮೂರು ಕಡೆ ತಗಡು, ಒಂದು ಕಡೆ ಈ ಭವನದ ಗೋಡೆ. ಒಳಗೆ ನಮ್ಮೆಲ್ಲರ ಗೋಧಿ ಹುಗ್ಗಿ ಕುದಿಯುತ್ತಿತ್ತು. ಹೊಗೆಯಲ್ಲಿ ಯಾರ ಮುಖವೂ ಕಾಣಲಿಲ್ಲ. ಸೌಟು ತಿರುವುತ್ತಿದ್ದ ಕಲ್ಲವ್ವನನ್ನು ಕೇಳಿದೆ, ಭವನ ನೋಡಿದೆಯೇನಮ್ಮಾ ಅಂತ. ಆ ತಾಯಿ ಕಣ್ಣೀರು ಒರೆಸಿಕೊಂಡು, ಎಷ್ಟು ಅಭಿಮಾನದಿಂದ ಹೇಳಿದಳು ಗೊತ್ತೇ?

"ಹೊರಗಿಂದ ನೋಡೀನ್ರಿ ಅಪ್ಪಾರ. ಭಾಳ ಚಂದ ಆಗೈತಿ. ನಮ್ಮೂರದ್ರಿ!"

"ಒಳಗೆ ಬಂದಿಲ್ಲವೇ?" ಅಂದೆ.

"ಒಲಿ ಮುಂದ ಯಾರ ನಿಂದರಬೇಕ್ರಿ?"

ಯಾಕೆ ತಲೆ ತಗ್ಗಿಸಿದಿರಿ? ತಲೆ ತಗ್ಗಿಸಿ ಅಂತ ನಾನು ಹೇಳಲಿಲ್ಲ. ಎತ್ತಿ, ಕೇಳಿ. ನಾಳೆ ಬೆಳಿಗ್ಗೆ ನಿಮ್ಮ ಮನೆಯನ್ನು ಹಿಂದಿನ ಬಾಗಿಲಿನಿಂದ ಹೊಕ್ಕು ನೋಡಿ. ಒಲೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಲ್ಲಿ. ಅಂಗಡಿಯವರು ಆಳುಗಳು ಉಣ್ಣುವ ಮೂಲೆಯಲ್ಲಿ ಕೂತು ಉಣ್ಣಿ. ಬೆಳಕು ಎಲ್ಲಿ ನಿಲ್ಲುತ್ತದೆ, ಗಾಳಿ ಎಲ್ಲಿ ನಿಲ್ಲುತ್ತದೆ, ನಿಮ್ಮ ಮೈಗೆ ತಿಳಿಯುತ್ತದೆ. ತಿಳಿದ ಮೇಲೆ ಅವರು ಬಂದು ಕೇಳಲಿ ಅಂತ ಕಾಯಬೇಡಿ, ಅವರು ಕೇಳುವುದಿಲ್ಲ. ಅಲ್ಲಿ ಮೊದಲು ಕಟ್ಟಿ, ಆಮೇಲೆ ರಸ್ತೆಯ ಕಡೆಗೆ.

ಕಮಿಟಿಯವರಿಗೂ ಒಂದು ಮಾತು. ನಿಮ್ಮೆಲ್ಲರ ಹೆಸರು ಕೆತ್ತಿದ ಕಲ್ಲನ್ನು ಬಾಗಿಲಿಗೆ ಹಾಕಿಸುವ ವಿಚಾರವಿದೆಯಂತೆ. ಬಾಗಿಲಿಗೆ ಬೇಡ. ತಗಡು ಕಿತ್ತು, ಕಿಟಕಿಯಿಟ್ಟು ಹೊಸ ಅಡುಗೆಮನೆ ಕಟ್ಟಿ, ಆ ಕಲ್ಲನ್ನು ಅದರ ಗೋಡೆಗೆ ಹಾಕಿಸಿ. ನಿಮ್ಮ ಹೆಸರು ಅಲ್ಲಿದ್ದರೆ ನಾನು ಊರೂರಿಗೆ ಹೇಳಿಕೊಂಡು ತಿರುಗುತ್ತೇನೆ.

ಅದು ಕಟ್ಟಿದಾಗ ಆಯಿತು. ಇವತ್ತಿನದು ಇವತ್ತು. ಹುಗ್ಗಿ ಇಳಿಸುವ ಹೊತ್ತಾಗಿದೆ. ಮಂಗಳಾರತಿ ಸ್ವಲ್ಪ ತಡೆಯಲಿ. ಕಲ್ಲವ್ವ ಮತ್ತು ಅವಳ ಜೊತೆಯವರು ಮೊದಲು ಈ ಬಾಗಿಲಿನಿಂದ ಒಳಗೆ ಬರಲಿ, ಈ ಫ್ಯಾನಿನ ಕೆಳಗೆ ಮುಂದಿನ ಸಾಲಿನಲ್ಲಿ ಕೂರಲಿ, ತಾವು ಬೀಗುತ್ತಿರುವ ಭವನವನ್ನು ಕಣ್ತುಂಬ ನೋಡಲಿ. ಬಡಿಸುವವರು ನಾವು. ಚನಬಸಪ್ಪನವರೇ, ನೀವು ಎಲೆ ಹಾಕಿ. ಅಧ್ಯಕ್ಷರೇ, ಶಲ್ಯ ಸೊಂಟಕ್ಕೆ ಬಿಗಿದು ಸೌಟು ಹಿಡಿಯಿರಿ. ನಾನು ವೇದಿಕೆಯಿಂದ ಇಳಿದೆ, ನೀವೂ ಏಳಿ.